ಬರ್ಲಿ ಮಿಶ್ರಣಗಳ ರುಚಿ ಮತ್ತು ಡಬ್ಬಿಯ ಮೇಲಿನ ಮಾತು

ಅಮೆರಿಕದ ಮಾರುಕಟ್ಟೆಗೆ 1920ರ ದಶಕದಲ್ಲಿ ಬಂದ ಪೈಪ್ ತಂಬಾಕಿನ ಒಂದು ಮಿಶ್ರಣದ ಹೆಸರು ‘ಹಾಫ್ ಅಂಡ್ ಹಾಫ್’. ಅಮೆರಿಕನ್ ಟೊಬ್ಯಾಕೊ ಕಂಪನಿಯು ಹೊರತಂದ ಈ ತಂಬಾಕಿನ ಡಬ್ಬಿಯ ಮೇಲೆ ‘ಬರ್ಲಿ ಅಂಡ್ ಬ್ರೈಟ್’ ಎಂಬ ಮಾತನ್ನೂ ಅಚ್ಚು ಹಾಕಲಾಗುತ್ತಿತ್ತು. ಬರ್ಲಿ ಎಂಬುದು ಒಂದು ಜಾತಿಯ ಎಲೆ. ಬ್ರೈಟ್ ಎಂದರೆ ವರ್ಜೀನಿಯಾ ಎಲೆ. ಎರಡೂ ಅರ್ಧರ್ಧ ಎಂಬುದು ಹೆಸರಿನ ಅರ್ಥ. ಕೊಳ್ಳುವವನು ತಾನು ಯಾವ ಪದಾರ್ಥಕ್ಕೆ ಹಣ ತೆರುತ್ತಿದ್ದೇನೆಂಬುದನ್ನು ಮುಚ್ಚಳ ತೆರೆಯುವ ಮುನ್ನವೇ ಅರಿಯಬಹುದಾಗಿತ್ತು.

ಇಂದು ಮಾರಾಟವಾಗುವ ಬಹುಪಾಲು ಬರ್ಲಿ ಮಿಶ್ರಣಗಳ ಡಬ್ಬಿಗಳನ್ನು ಅದರ ಪಕ್ಕದಲ್ಲಿಟ್ಟು ಓದಿದರೆ ಸಿಗುವುದು ವರ್ಣನೆಗಳು: ಆಯ್ದ ಬರ್ಲಿ, ಕೋಕೋ ಪರಿಮಳ, ಹುರಿದ ಬೀಜದ ರುಚಿ, ಸೌಮ್ಯ ಧೂಮ. ಬರ್ಲಿಯ ಪಾಲು ಎಷ್ಟು, ಅದು ಯಾವ ದೇಶದ ಬೆಳೆ, ನಾಲಗೆಗೆ ಸಿಗುವ ಕೋಕೋ ರುಚಿ ಎಲೆಯದೋ ಅಥವಾ ಎಲೆಗೆ ಹಾಕಿದ ಪಾಕದ್ದೋ ಎಂಬುದಕ್ಕೆ ಉತ್ತರ ದೊರೆಯುವುದು ಅಪರೂಪ. ಮಿಶ್ರಣದ ವ್ಯಾಪಾರದಲ್ಲಿ ಪ್ರಮಾಣವನ್ನು ಹಿಂದಿಟ್ಟು ಪರಿಮಳವನ್ನಷ್ಟೇ ಮುಂದಿಡುವ ಈ ಪದ್ಧತಿ ಗ್ರಾಹಕನಿಗೆ ಅನ್ಯಾಯ ಮಾಡುತ್ತದೆ. ಕಾಲಕ್ರಮದಲ್ಲಿ ಉತ್ಪಾದಕನ ಹೆಸರನ್ನೂ ಸವೆಸುತ್ತದೆ ಎಂಬುದು ನನ್ನ ಅಭಿಪ್ರಾಯ. ಬರ್ಲಿ ಮಿಶ್ರಣಗಳನ್ನು ಒಂದರೊಡನೊಂದು ಹೋಲಿಸಿ ನೋಡುವುದರ ಮೂಲಕ ಈ ಅಭಿಪ್ರಾಯವನ್ನು ಓದುಗರ ಮುಂದಿಡಬಯಸುತ್ತೇನೆ.

ನಮ್ಮ ರಾಜ್ಯದ ವರ್ತಕರಿಗೆ ಅಮೆರಿಕದ ಪೈಪ್ ತಂಬಾಕಿನಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ನಾವು ಬೆಳೆಯುವುದು ವರ್ಜೀನಿಯಾ ತಂಬಾಕು. ಬರ್ಲಿ ನಮ್ಮ ದೇಶದಲ್ಲಿ ಮುಖ್ಯವಾಗಿ ಆಂಧ್ರಪ್ರದೇಶದ ಬೆಳೆ. ಆದರೆ ಕಾಫಿಪುಡಿ, ಚಹಾ, ಮಸಾಲೆ, ಅಗರಬತ್ತಿ ಹೀಗೆ ಹಲವು ಪದಾರ್ಥಗಳನ್ನು ಬೆರೆಸಿ ಒಂದು ಹೆಸರಿನಲ್ಲಿ ಮಾರುವ ನೂರಾರು ಸಣ್ಣ ಉತ್ಪಾದಕರು ನಮ್ಮಲ್ಲಿದ್ದಾರೆ. ಮಿಶ್ರಣದ ಉದ್ಯಮಕ್ಕೆ ಎದುರಾಗುವ ಕಷ್ಟಗಳೆಲ್ಲವೂ ಬರ್ಲಿಯ ಇತಿಹಾಸದಲ್ಲಿ ಒಂದೇ ಕಡೆ ಕಾಣಸಿಗುತ್ತವೆ. ಆದ್ದರಿಂದಲೇ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಎಲೆಯ ಸ್ವಭಾವ

ಬಿಳಿ ಬರ್ಲಿ ಎಂಬ ತಳಿಯ ಹುಟ್ಟು ಒಂದು ಆಕಸ್ಮಿಕ. 1864ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಬ್ರೌನ್ ಕೌಂಟಿಯಲ್ಲಿ ಜಾರ್ಜ್ ವೆಬ್ ಎಂಬ ರೈತನು ನೆರೆಯ ಕೆಂಟಕಿಯಿಂದ ತಂದ ಬೀಜವನ್ನು ಬಿತ್ತಿದಾಗ ಕೆಲವು ಸಸಿಗಳು ಬಿಳಿಚಿಕೊಂಡು ಹುಟ್ಟಿದವು. ಮೊದಲಿಗೆ ರೋಗದ ಸಸಿಗಳೆಂದು ತಿಳಿದ ಅವುಗಳನ್ನೇ ಮುಂದೆ ಬೆಳೆಸಿ ನೋಡಿದಾಗ ತೆಳುವಾದ, ಹಗುರವಾದ, ದ್ರವವನ್ನು ಚೆನ್ನಾಗಿ ಹೀರುವ ಎಲೆ ದೊರೆಯಿತು. ಕೆಲವೇ ವರ್ಷಗಳಲ್ಲಿ ಕೆಂಟಕಿ ಮತ್ತು ಟೆನೆಸ್ಸಿ ರಾಜ್ಯಗಳ ರೈತರಿಗೆ ಇದೇ ಮುಖ್ಯ ಬೆಳೆಯಾಯಿತು.

ಬರ್ಲಿಗೂ ನಮ್ಮ ವರ್ಜೀನಿಯಾಕ್ಕೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಹದ ಮಾಡುವ ಕ್ರಮದಲ್ಲಿದೆ. ವರ್ಜೀನಿಯಾ ಎಲೆಯನ್ನು ಬ್ಯಾರನ್‌ಗಳಲ್ಲಿ ಕಟ್ಟಿ, ಕೊಳವೆಗಳ ಮೂಲಕ ಶಾಖ ಕೊಟ್ಟು, ಸುಮಾರು ಒಂದು ವಾರದೊಳಗೆ ಒಣಗಿಸುತ್ತಾರೆ. ಎಲೆಯ ಜೀವಕ್ರಿಯೆ ಬೇಗ ನಿಲ್ಲುವುದರಿಂದ ಅದರ ಸಕ್ಕರೆ ಅಲ್ಲಿಯೇ ಉಳಿಯುತ್ತದೆ. ಒಳ್ಳೆಯ ಎಲೆಯಲ್ಲಿ ಅದು ಶೇಕಡ 10ರಿಂದ 25ರವರೆಗೂ ಇರುವುದುಂಟು. ಬರ್ಲಿಯನ್ನಾದರೋ ಗಿಡಸಹಿತ ಕತ್ತರಿಸಿ, ಕೋಲಿಗೆ ಪೋಣಿಸಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ನಾಲ್ಕರಿಂದ ಎಂಟು ವಾರ ತೂಗುಹಾಕುತ್ತಾರೆ. ಎಲೆ ನಿಧಾನವಾಗಿ ಸಾಯುವ ಈ ಅವಧಿಯಲ್ಲಿ ತನ್ನ ಸಕ್ಕರೆಯನ್ನು ತಾನೇ ಉಂಡು ಮುಗಿಸುತ್ತದೆ. ಕೊನೆಗೆ ಉಳಿಯುವುದು ಕಂದು ಬಣ್ಣದ, ಸಕ್ಕರೆಯಿಲ್ಲದ, ಸಾರಜನಕ ಮತ್ತು ನಿಕೋಟಿನ್ ಹೆಚ್ಚಿರುವ ಎಲೆ.

ಇದರ ಪರಿಣಾಮವಾಗಿ ಬರ್ಲಿಯ ಧೂಮ ಕ್ಷಾರಗುಣದ್ದು; ವರ್ಜೀನಿಯಾದ ಧೂಮ ಆಮ್ಲಗುಣದ್ದು. ಶುದ್ಧ ಬರ್ಲಿಯಲ್ಲಿ ಸಿಹಿ ಇಲ್ಲ. ಒಣ ಮರದ, ಮಣ್ಣಿನ, ಕಹಿ ಕೋಕೋವಿನ ಛಾಯೆಗಳಿವೆ. ಎಲೆಯಲ್ಲಿರುವ ಸಾರಜನಕದ ಸಂಯುಕ್ತಗಳು ಸಕ್ಕರೆಯೊಡನೆ ಬಿಸಿಯಾದಾಗ ಪೈರಜೀನ್ ಎಂಬ ವಾಸನಾದ್ರವ್ಯಗಳು ಹುಟ್ಟುತ್ತವೆ. ಹುರಿದ ಕಾಫಿ ಬೀಜ, ಹುರಿದ ಕಡಲೇಕಾಯಿ, ಕೋಕೋ ಇವುಗಳ ವಾಸನೆಗೂ ಇವೇ ದ್ರವ್ಯಗಳು ಕಾರಣ. ಬರ್ಲಿಯ ರುಚಿಯನ್ನು ಬಣ್ಣಿಸುವವರೆಲ್ಲರೂ ‘ಬೀಜದ ರುಚಿ’ ಎನ್ನುವುದು ಕೇವಲ ಅಲಂಕಾರದ ಮಾತಲ್ಲ. ಅದಕ್ಕೆ ರಸಾಯನಶಾಸ್ತ್ರದ ಆಧಾರವಿದೆ.

ಪಾಕ ಮತ್ತು ಮೇಲ್ಪರಿಮಳ

ಸಕ್ಕರೆಯಿಲ್ಲದ ಎಲೆಯನ್ನು ಹಾಗೆಯೇ ಸುಟ್ಟರೆ ಗಂಟಲಿಗೆ ಒರಟು. ಆದ್ದರಿಂದ ಬರ್ಲಿಗೆ ಪಾಕ ಹಾಕುವ ಪದ್ಧತಿ ಬೆಳೆಯಿತು. ಇದನ್ನು ಆ ವ್ಯಾಪಾರದಲ್ಲಿ ಕೇಸಿಂಗ್ ಎನ್ನುತ್ತಾರೆ. ಸಕ್ಕರೆ, ಕಾಕಂಬಿ, ಜೇನು, ಜ್ಯೇಷ್ಠಮಧುವಿನ ಸಾರ, ಕೋಕೋ ಇವುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕರಗಿಸಿ, ಕತ್ತರಿಸುವ ಮುನ್ನ ಎಲೆಗೆ ಹೀರಿಸಿ, ಮತ್ತೆ ಬಿಸಿಮಾಡಿ ಒಣಗಿಸುತ್ತಾರೆ. ಬರ್ಲಿ ಎಲೆಯ ರಚನೆ ಸಚ್ಛಿದ್ರವಾದುದರಿಂದ ಇತರ ಎಲೆಗಳಿಗಿಂತ ಬಹಳ ಹೆಚ್ಚು ಪಾಕವನ್ನು ಅದು ಒಳಗೆ ಹಿಡಿದಿಡುತ್ತದೆ. ಕತ್ತರಿಸಿ ಒಣಗಿಸಿದ ಮೇಲೆ ಕೊನೆಯಲ್ಲಿ ಚಿಮುಕಿಸುವ ವೆನಿಲ್ಲಾ, ರಮ್ ಮುಂತಾದವುಗಳಿಗೆ ಟಾಪಿಂಗ್ ಎಂದು ಹೆಸರು. ಪಾಕ ಎಲೆಯ ಒಳಗೆ ಸೇರಿ ಅದರ ಗುಣವನ್ನೇ ತಿದ್ದುತ್ತದೆ. ಮೇಲ್ಪರಿಮಳ ಡಬ್ಬಿ ತೆರೆದ ಕೂಡಲೇ ಮೂಗಿಗೆ ಎದುರಾಗುತ್ತದೆ.

ನಮ್ಮ ಅಗರಬತ್ತಿ ತಯಾರಕರಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ. ಪರಿಮಳದಲ್ಲಿ ಅದ್ದದ ಕಪ್ಪು ಬತ್ತಿ ಹತ್ತು ಕಾರ್ಖಾನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಾಗಿರಬಹುದು. ಅದ್ದಿದ ಮೇಲೆ ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಬೆಲೆ. ಬತ್ತಿಯ ಪುಡಿಯಲ್ಲಿಯೇ ಗಂಧದ ಅಂಶ ಬೆರೆಸಿದವನೂ, ಇದ್ದಲ ಪುಡಿಯ ಬತ್ತಿಯನ್ನು ಗಂಧದ ವಾಸನೆಯಲ್ಲಿ ಅದ್ದಿದವನೂ ಒಂದೇ ಚಿತ್ರವನ್ನು ಪೊಟ್ಟಣದ ಮೇಲೆ ಮುದ್ರಿಸಿದಾಗ ಮೊದಲನೆಯವನಿಗೆ ಆಗುವ ನಷ್ಟವೇ ಬರ್ಲಿಯ ವಿಷಯದಲ್ಲೂ ಆಗುತ್ತದೆ.

ಇಲ್ಲಿ ಆರೋಗ್ಯದ ಮಾತನ್ನೂ ಮರೆಮಾಚದೆ ಹೇಳಬೇಕು. ಪಾಕದ ಸಕ್ಕರೆ ಉರಿದಾಗ ಆಮ್ಲಗಳು ಹುಟ್ಟಿ ಧೂಮದ ಒರಟುತನ ತಗ್ಗುತ್ತದೆ. ಅದೇ ಸಕ್ಕರೆಯಿಂದ ಫಾರ್ಮಾಲ್ಡಿಹೈಡ್ ಮೊದಲಾದ ವಿಷಕಾರಿ ದ್ರವ್ಯಗಳೂ ಉತ್ಪತ್ತಿಯಾಗುತ್ತವೆ. ಕ್ಷಾರಗುಣದ ಧೂಮದಲ್ಲಿ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಧೂಮವನ್ನು ಒಳಗೆಳೆಯದಿದ್ದರೆ ಅಪಾಯವಿಲ್ಲವೆಂಬುದು ತಪ್ಪು ತಿಳಿವಳಿಕೆ. ಗಾಳಿಯಲ್ಲಿ ಹದಗೊಂಡ ಬರ್ಲಿಯಲ್ಲಿ ಕ್ಯಾನ್ಸರ್ ತರುವ ನೈಟ್ರೋಸಮೀನ್‌ಗಳು ವರ್ಜೀನಿಯಾಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಪೈಪ್ ಸೇದುವವರಿಗೆ ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರ್ ಭೀತಿ ಇರುವುದು ನಿರ್ವಿವಾದ. ಹೀಗಿರುವಾಗ ‘ಸೌಮ್ಯ’ ಎಂಬ ಡಬ್ಬಿಯ ಮಾತು ನಾಲಗೆಯ ಅನುಭವವನ್ನು ಹೇಳುತ್ತದೆಯೇ ಹೊರತು ದೇಹದ ಮೇಲಿನ ಪರಿಣಾಮವನ್ನಲ್ಲ.

ಕೆಲವು ಮಿಶ್ರಣಗಳ ಹೋಲಿಕೆ

ಬರ್ಲಿ ಮಿಶ್ರಣಗಳನ್ನು ಹೋಲಿಸುವವರು ಸಾಮಾನ್ಯವಾಗಿ ಡಬ್ಬಿಯ ವಾಸನೆಯಿಂದ ಆರಂಭಿಸುತ್ತಾರೆ. ಇದು ಸರಿಯಾದ ಕ್ರಮವಲ್ಲ. ಮೊದಲು ಬರ್ಲಿಯ ಪಾಲು, ಬಳಿಕ ಅದರ ಜೊತೆಗಾರ ಎಲೆ, ಆಮೇಲೆ ಕತ್ತರಿಸಿದ ರೀತಿ, ಕೊನೆಯಲ್ಲಿ ಪಾಕ ಮತ್ತು ಪರಿಮಳ, ಈ ಅನುಕ್ರಮದಲ್ಲಿ ನೋಡಿದರೆ ಒಂದು ಮಿಶ್ರಣ ಏಕೆ ಹಾಗಿದೆ ಎಂಬುದು ತಿಳಿಯುತ್ತದೆ.

ಹಳೆಯ ಅಂಗಡಿ ತಂಬಾಕುಗಳಲ್ಲಿ ಪ್ರಸಿದ್ಧವಾದುದು ‘ಪ್ರಿನ್ಸ್ ಆಲ್ಬರ್ಟ್’. ಆರ್.ಜೆ. ರೇನಾಲ್ಡ್ಸ್ ಕಂಪನಿ 1907ರಲ್ಲಿ ಹೊರತಂದ ಇದರ ಡಬ್ಬಿಯ ಮೇಲೆ ತಯಾರಿಕಾ ಕ್ರಮಕ್ಕೆ ಆ ವರ್ಷದ ಜುಲೈ 30ರಂದು ಪೇಟೆಂಟ್ ದೊರೆತ ಸಂಗತಿಯನ್ನು ಮುದ್ರಿಸಲಾಗುತ್ತಿತ್ತು. ಆಧಾರ ಬರ್ಲಿ, ಪಾಕ ತೆಳು, ಎಲೆಯನ್ನು ಸಣ್ಣ ಮಡಿಕೆಯ ಚೂರುಗಳಾಗಿ ಕತ್ತರಿಸಿರುತ್ತಾರೆ. ಈ ಕತ್ತರಿಕೆಯಿಂದ ತಂಬಾಕು ಸಲೀಸಾಗಿ ಹೊತ್ತಿಕೊಳ್ಳುತ್ತದೆ, ಪೈಪಿಗೂ ಸುರುಳಿ ಸಿಗರೇಟಿಗೂ ಒದಗುತ್ತದೆ. ರುಚಿಯಲ್ಲಿ ಸೌಮ್ಯವಾದ ಕೋಕೋ, ಕೊಂಚ ಸಿಹಿ, ಗಾಢತೆ ಕಡಿಮೆ. ಲಕ್ಷಾಂತರ ಜನರಿಗೆ ದಿನನಿತ್ಯ ಒಂದೇ ರುಚಿ ಕೊಡುವುದು ಇದರ ಗುರಿಯಾಗಿತ್ತು, ಆ ಗುರಿಯನ್ನು ಅದು ಸಾಧಿಸಿತು.

‘ಗ್ರೇಂಜರ್’ ಇದಕ್ಕೆ ಎದುರಾದ ದಾರಿ ಹಿಡಿಯಿತು. ಎಲೆಯನ್ನು ದಪ್ಪನಾಗಿ, ಒರಟಾಗಿ ಕತ್ತರಿಸಿದುದರಿಂದ ಬೆಂಕಿ ನಿಧಾನವಾಗಿ ಹರಡುತ್ತದೆ, ಧೂಮ ತಣ್ಣಗಿರುತ್ತದೆ. ಮೇಲ್ಪರಿಮಳದ ಆಡಂಬರ ಇಲ್ಲದಿರುವುದರಿಂದ ಬರ್ಲಿಯ ಸ್ವಂತ ರುಚಿ ಹೆಚ್ಚು ಸ್ಪಷ್ಟ. ಒಂದೇ ಜಾತಿಯ ಎಲೆ ಕೇವಲ ಕತ್ತರಿಕೆಯ ಬದಲಾವಣೆಯಿಂದ ಬೇರೆಯೇ ಸರಕಾಗುತ್ತದೆ ಎಂಬುದಕ್ಕೆ ಈ ಎರಡು ಮಿಶ್ರಣಗಳು ಒಳ್ಳೆಯ ಉದಾಹರಣೆ. ಸಣ್ಣ ರವೆ, ದಪ್ಪ ರವೆಗಳ ವ್ಯತ್ಯಾಸವನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ.

ರಿಚ್ಮಂಡ್ ನಗರದ ಲಾರಸ್ ಅಂಡ್ ಬ್ರದರ್ ಸಂಸ್ಥೆಯ ‘ಎಡ್ಜ್‌ವರ್ತ್’ ಬರ್ಲಿ ಪ್ರಿಯರಲ್ಲಿ ಇಂದಿಗೂ ನೆನಪಾಗುವ ಹೆಸರು. ಒತ್ತಿ ಹೋಳು ಮಾಡಿದ ರೂಪದಲ್ಲಿಯೂ, ಉಜ್ಜಿ ಬಿಡಿಸಿದ ರೂಪದಲ್ಲಿಯೂ ಅದು ದೊರೆಯುತ್ತಿತ್ತು. 1877ರಲ್ಲಿ ಆರಂಭವಾದ ಈ ಸಂಸ್ಥೆ 1925ರಲ್ಲಿ ಸ್ವಂತ ರೇಡಿಯೊ ಕೇಂದ್ರವನ್ನೇ ತೆರೆದಿತ್ತು. 1974ರಲ್ಲಿ ಬಾಗಿಲು ಮುಚ್ಚಿತು. ಇಂತಹ ಅಂತ್ಯದ ಬಳಿಕ ಒಂದು ಹೆಸರು ಬೇರೆಯವರ ಕೈಸೇರಿ ಮುಂದುವರಿದಾಗ ಡಬ್ಬಿಯೊಳಗಿನದು ಹಿಂದಿನದೇ ಹೌದೇ ಎಂಬ ವಾದ ಹಳೆಯ ಗ್ರಾಹಕರಲ್ಲಿ ಹುಟ್ಟುವುದು ಸಹಜ. ಪ್ರಮಾಣವನ್ನು ಎಲ್ಲಿಯೂ ಬರೆದಿಡದಿದ್ದರೆ ಆ ವಾದವನ್ನು ತೀರ್ಮಾನಿಸಲು ಆಧಾರವೇ ಇರುವುದಿಲ್ಲ.

ಇನ್ನೊಂದು ಕೊನೆಯಲ್ಲಿ ‘ಫೈವ್ ಬ್ರದರ್ಸ್’ ಇದೆ. ಎಳೆಎಳೆಯಾಗಿ ಕತ್ತರಿಸಿದ, ಸಿಹಿ ಪರಿಮಳಗಳ ಹಂಗಿಲ್ಲದ, ನಿಕೋಟಿನ್ ಬಲವಾಗಿರುವ ಬರ್ಲಿ ಇದು. ಕೆಲವರು ಇದನ್ನು ಹಾಗೆಯೇ ಬಳಸದೆ ಇತರ ಮಿಶ್ರಣಗಳಿಗೆ ಬಲ ಕೊಡಲು ಚಿಟಿಕೆಯಷ್ಟು ಸೇರಿಸುತ್ತಾರೆ. ಬರ್ಲಿ ಎಂದರೆ ಸೌಮ್ಯ ಎಂಬ ಸಾಮಾನ್ಯ ನಂಬಿಕೆಯನ್ನು ಈ ಒಂದು ಸರಕು ಅಲ್ಲಗಳೆಯುತ್ತದೆ.

ಸಣ್ಣ ತಯಾರಕರ ಪೈಕಿ ಕಾರ್ನೆಲ್ ಅಂಡ್ ಡೀಲ್ ಸಂಸ್ಥೆಯ ‘ಹಾಂಟೆಡ್ ಬುಕ್‌ಶಾಪ್’ ಉಲ್ಲೇಖಾರ್ಹ. ಕ್ರಿಸ್ಟೊಫರ್ ಮಾರ್ಲೆಯ ಕಾದಂಬರಿಯ ಹೆಸರನ್ನು ಹೊತ್ತ ಈ ಮಿಶ್ರಣದಲ್ಲಿ ಬರ್ಲಿಯೇ ಪ್ರಧಾನ. ಜೊತೆಗೆ ಕೆಂಪು ವರ್ಜೀನಿಯಾ ಮತ್ತು ಲೂಸಿಯಾನದಲ್ಲಿ ಪೀಪಾಯಿಗಳಲ್ಲಿ ಒತ್ತಿ ಹುಳಿಸಿದ ಪೆರೀಕ್ ಎಲೆ. ವರ್ಜೀನಿಯಾ ಬರ್ಲಿಗೆ ಇಲ್ಲದ ಸಿಹಿಯನ್ನು ತಾನೇ ತರುತ್ತದೆ. ಪೆರೀಕ್ ಮೆಣಸಿನ ಖಾರವನ್ನೂ ಒಣ ದ್ರಾಕ್ಷಿಯ ಹುಳಿಸಿಹಿಯನ್ನೂ ಕೊಡುತ್ತದೆ. ಪಾಕದಿಂದ ಸಾಧಿಸಬಹುದಾದುದನ್ನು ಇಲ್ಲಿ ಎಲೆಯಿಂದಲೇ ಸಾಧಿಸುವ ಪ್ರಯತ್ನ ಕಾಣುತ್ತದೆ. ಇದು ದುಬಾರಿ ಮಾರ್ಗ; ಆದರೆ ಅನುಕರಿಸುವವರಿಗೆ ಸುಲಭಸಾಧ್ಯವಲ್ಲ.

ಜರ್ಮನಿಯಲ್ಲಿ ತಯಾರಾಗುವ ‘ಸೋಲಾನಿ ಏಜ್ಡ್ ಬರ್ಲಿ ಫ್ಲೇಕ್’ ಮತ್ತೊಂದು ಬಗೆ. ಎಲೆಗಳನ್ನು ಒತ್ತಿ, ಹಣ್ಣಾಗಲು ಬಿಟ್ಟು, ತೆಳು ಬಿಲ್ಲೆಗಳಾಗಿ ಕತ್ತರಿಸಿರುತ್ತಾರೆ. ಕೋಕೋವಿನ ಛಾಯೆ ಇಲ್ಲಿ ಪ್ರಿನ್ಸ್ ಆಲ್ಬರ್ಟ್‌ಗಿಂತ ಗಾಢ, ಸಿಹಿ ಮಿತ, ಉರಿ ನಿಧಾನ. ಇದಕ್ಕೆ ತೀರ ಭಿನ್ನವಾದುದು ಅಮೆರಿಕದ ‘ಕ್ಯಾಪ್ಟನ್ ಬ್ಲ್ಯಾಕ್’ ವರ್ಗದ ಪರಿಮಳ ತಂಬಾಕು. ಎಲೆಯನ್ನು ಹಬೆಯಲ್ಲಿ ಬೇಯಿಸಿ ಕಪ್ಪಗೆ ಮಾಡಿ, ಸಿಹಿ ಪಾಕ ಹೀರಿಸಿ, ವೆನಿಲ್ಲಾದಂತಹ ಪರಿಮಳ ಹಾಕಿದಾಗ ‘ಬ್ಲ್ಯಾಕ್ ಕ್ಯಾವೆಂಡಿಷ್’ ಸಿದ್ಧವಾಗುತ್ತದೆ. ಅಮೆರಿಕದಲ್ಲಿ ಇದಕ್ಕೂ ಬರ್ಲಿ ಹೆಚ್ಚಾಗಿ ಬಳಕೆಯಾಗುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಸಿಹಿತಿಂಡಿಯ ಅಂಗಡಿಯ ವಾಸನೆ. ಸೇದುವವನ ಬಾಯಿಗೆ ಎಲೆಯ ಗುರುತೇ ಅಳಿದುಹೋದ ಅನುಭವ.

ಈ ಎಲ್ಲ ಮಿಶ್ರಣಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ನಾನು ಉತ್ತರ ಹುಡುಕಹೊರಟಿಲ್ಲ. ಪಾಕ ಹಾಕುವುದು ತಪ್ಪಲ್ಲ, ಅದೊಂದು ಕಲೆ. ಆದರೆ ಮೊದಲ ಮಿಶ್ರಣದಿಂದ ಕೊನೆಯದರವರೆಗೆ ‘ಬರ್ಲಿ’ ಎಂಬ ಒಂದೇ ಪದ ಇಷ್ಟೊಂದು ಬೇರೆ ಬೇರೆ ಸರಕುಗಳಿಗೆ ಸಲ್ಲುವಾಗ, ಆ ಪದವೊಂದರಿಂದಲೇ ಗ್ರಾಹಕನು ಏನನ್ನೂ ತಿಳಿಯಲಾರ ಎಂಬುದು ಸ್ಪಷ್ಟ.

ಹೆಸರು ಉಳಿಯಿತು, ಎಲೆ ಉಳಿಯಿತೇ?

ಡಬ್ಬಿಯ ಹೆಸರು ದಶಕಗಟ್ಟಲೆ ಉಳಿಯಬಹುದು. ಅದರೊಳಗಿನ ಎಲೆಯ ಮೂಲ ಬದಲಾಗುತ್ತಲೇ ಇರುತ್ತದೆ. ಅಮೆರಿಕದಲ್ಲಿ ತಂಬಾಕಿಗಿದ್ದ ಕೋಟಾ ಮತ್ತು ಬೆಂಬಲ ಬೆಲೆ ವ್ಯವಸ್ಥೆಯನ್ನು 2004ರ ಕಾಯಿದೆಯ ಮೂಲಕ ಕೊನೆಗೊಳಿಸಲಾಯಿತು. ಕೋಟಾ ಹೊಂದಿದ್ದವರಿಗೂ ಬೆಳೆಗಾರರಿಗೂ ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು 1,000 ಕೋಟಿ ಡಾಲರ್ ಪರಿಹಾರವನ್ನು ಗೊತ್ತುಮಾಡಲಾಯಿತು. ಹರಾಜು ಕಟ್ಟೆಗಳ ಜಾಗಕ್ಕೆ ಕಂಪನಿಗಳ ನೇರ ಒಪ್ಪಂದಗಳು ಬಂದವು. ಅನೇಕ ಸಣ್ಣ ರೈತರು ಬರ್ಲಿಯನ್ನು ಕೈಬಿಟ್ಟರು. ವಿಶ್ವ ಮಾರುಕಟ್ಟೆಯಲ್ಲಿ ಬ್ರೆಜಿಲ್, ಮಲಾವಿ ಮುಂತಾದ ದೇಶಗಳ ಬರ್ಲಿಗೆ ಮೊದಲೇ ಇದ್ದ ಸ್ಥಾನ ಇನ್ನಷ್ಟು ಗಟ್ಟಿಯಾಯಿತು.

ಮಲಾವಿಯ ವಿದೇಶಿ ವಿನಿಮಯಕ್ಕೆ ತಂಬಾಕೇ ಮುಖ್ಯ ಆಧಾರ; ಅದರಲ್ಲಿ ಬರ್ಲಿಯದೇ ಸಿಂಹಪಾಲು. 2019ರ ನವೆಂಬರ್‌ನಲ್ಲಿ ಅಮೆರಿಕದ ಸುಂಕ ಇಲಾಖೆಯು ಬಲವಂತದ ದುಡಿಮೆ ಮತ್ತು ಬಾಲಕಾರ್ಮಿಕರ ಬಳಕೆಯ ಕಾರಣದಿಂದ ಮಲಾವಿಯ ತಂಬಾಕನ್ನು ಬಂದರಿನಲ್ಲಿಯೇ ತಡೆಹಿಡಿಯಲು ಆದೇಶಿಸಿತು. ಇಂತಹ ಸಂದರ್ಭದಲ್ಲಿ ತನ್ನ ಎಲೆಯ ಮೂಲವನ್ನು ಬರೆದಿಟ್ಟುಕೊಂಡ ತಯಾರಕ ದಾಖಲೆ ತೋರಿಸಿ ಪಾರಾಗಬಲ್ಲ. ‘ಆಯ್ದ ಬರ್ಲಿ’ ಎಂದಷ್ಟೇ ಬರೆದವನ ಬಳಿ ತೋರಿಸಲು ಏನೂ ಇರುವುದಿಲ್ಲ.

ಮಾಲೀಕತ್ವವೂ ಇದೇ ರೀತಿ ಬದಲಾಗುತ್ತದೆ. ಪ್ರಿನ್ಸ್ ಆಲ್ಬರ್ಟ್ 1987ರಲ್ಲಿ ರೇನಾಲ್ಡ್ಸ್ ಕಂಪನಿಯಿಂದ ಜಾನ್ ಮಿಡಲ್ಟನ್ ಸಂಸ್ಥೆಗೆ ಹೋಯಿತು. ಆ ಸಂಸ್ಥೆಯನ್ನು 2007ರಲ್ಲಿ ಆಲ್ಟ್ರಿಯಾ ಕೊಂಡಿತು. ಡೆನ್ಮಾರ್ಕಿನ ಸ್ಕ್ಯಾಂಡಿನೇವಿಯನ್ ಟೊಬ್ಯಾಕೊ ಗ್ರೂಪ್ 2011ರಲ್ಲಿ ಲೇನ್ ಲಿಮಿಟೆಡ್ ಅನ್ನೂ, 2024ರಲ್ಲಿ ಮ್ಯಾಕ್ ಬ್ಯಾರೆನ್ ಅನ್ನೂ ತನ್ನದಾಗಿಸಿಕೊಂಡಿತು. ಹೀಗೆ ಹಲವು ಕುಟುಂಬಗಳು ಬೆಳೆಸಿದ ಹೆಸರುಗಳು ಒಂದೇ ಸೂರಿನಡಿ ಸೇರಿದಾಗ, ಯಂತ್ರ ಮತ್ತು ದಾಸ್ತಾನುಗಳನ್ನು ಒಂದುಗೂಡಿಸುವುದು ಲೆಕ್ಕಾಚಾರದ ದೃಷ್ಟಿಯಿಂದ ಅನಿವಾರ್ಯವಾಗುತ್ತದೆ. ಹತ್ತು ಹೆಸರುಗಳಿಗೆ ನಾಲ್ಕೇ ಬಗೆಯ ಎಲೆ ಸಾಕೆಂದು ಯಾರಾದರೂ ತೀರ್ಮಾನಿಸಿದರೆ ಅದನ್ನು ತಡೆಯುವ ಒಂದು ಸಾಲೂ ಡಬ್ಬಿಯ ಮೇಲಿರುವುದಿಲ್ಲ.

ಹೆಸರಿನಿಂದಲೇ ತೆರಿಗೆ ತಪ್ಪಿದ ಪ್ರಸಂಗ

ಸರಕಿನ ಗುಣವನ್ನು ಗುರುತಿಸದೆ ಹೆಸರನ್ನಷ್ಟೇ ನಂಬಿದರೆ ಏನಾಗುತ್ತದೆಂಬುದಕ್ಕೆ 2009ರ ಅಮೆರಿಕದ ತೆರಿಗೆ ಬದಲಾವಣೆ ಕಣ್ತೆರೆಸುವ ನಿದರ್ಶನ. ಅಲ್ಲಿಯವರೆಗೆ ಸುರುಳಿ ಸಿಗರೇಟಿನ ತಂಬಾಕಿಗೂ ಪೈಪ್ ತಂಬಾಕಿಗೂ ಪೌಂಡಿಗೆ ಸುಮಾರು 1 ಡಾಲರ್ 10 ಸೆಂಟ್‌ನಷ್ಟು ಒಂದೇ ಕೇಂದ್ರ ತೆರಿಗೆ ಇತ್ತು. ಆ ವರ್ಷದ ಏಪ್ರಿಲ್‌ನಿಂದ ಸುರುಳಿ ತಂಬಾಕಿನ ತೆರಿಗೆಯನ್ನು 24 ಡಾಲರ್ 78 ಸೆಂಟ್‌ಗೂ, ಪೈಪ್ ತಂಬಾಕಿನದನ್ನು ಕೇವಲ 2 ಡಾಲರ್ 83 ಸೆಂಟ್‌ಗೂ ಏರಿಸಲಾಯಿತು.

ಎರಡಕ್ಕೂ ಇರುವ ವ್ಯತ್ಯಾಸವನ್ನು ಕಾನೂನು ಮುಖ್ಯವಾಗಿ ಪೊಟ್ಟಣದ ಮೇಲಿನ ಹೆಸರು ಮತ್ತು ರೂಪದಿಂದ ನಿರ್ಧರಿಸುತ್ತಿತ್ತೇ ವಿನಾ ಎಲೆ, ಕತ್ತರಿಕೆ, ತೇವಾಂಶಗಳಿಂದ ಅಲ್ಲ. ಪರಿಣಾಮ ಬೇಗನೆ ಕಂಡಿತು. ಸುರುಳಿ ತಂಬಾಕು ಪೈಪ್ ತಂಬಾಕಿನ ಹೆಸರು ಧರಿಸಿತು. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯ ವರದಿಯಂತೆ 2009ರ ಜನವರಿಯಲ್ಲಿ ತಿಂಗಳಿಗೆ ಸುಮಾರು 2.4 ಲಕ್ಷ ಪೌಂಡುಗಳಿದ್ದ ಪೈಪ್ ತಂಬಾಕಿನ ಮಾರಾಟ 2011ರ ಸೆಪ್ಟೆಂಬರ್ ಹೊತ್ತಿಗೆ 30 ಲಕ್ಷ ಪೌಂಡುಗಳನ್ನು ಮೀರಿತ್ತು. ಪೈಪ್ ಸೇದುವವರ ಸಂಖ್ಯೆ ಮೂರು ವರ್ಷಗಳೊಳಗೆ ಹನ್ನೆರಡು ಪಟ್ಟು ಬೆಳೆಯಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇದರಿಂದ ಬೊಕ್ಕಸಕ್ಕೆ ನಷ್ಟವಾಯಿತು. ನಿಜವಾದ ಪೈಪ್ ಮಿಶ್ರಣ ತಯಾರಿಸುತ್ತಿದ್ದ ಸಣ್ಣವರ ಕಸುಬಿನ ಹೆಸರು ಸಂಶಯಕ್ಕೆ ಗುರಿಯಾಯಿತು.

ನಮ್ಮ ದೇಶದ ಸುಂಕಪಟ್ಟಿಯಲ್ಲಿ ಪೈಪು ಮತ್ತು ಸಿಗರೇಟುಗಳ ಧೂಮಪಾನ ಮಿಶ್ರಣಗಳನ್ನು ಒಂದೇ ಬಾಬಿನಲ್ಲಿ ಇಟ್ಟಿರುವುದರಿಂದ ಈ ಬಗೆಯ ಹೆಸರು ಬದಲಾವಣೆಗೆ ಆಸ್ಪದ ಕಡಿಮೆ. ಇದನ್ನು ಮೆಚ್ಚಬೇಕು. ವ್ಯಾಖ್ಯಾನ ಸಡಿಲವಾಗಿರುವ ಕಡೆ ಪ್ರಾಮಾಣಿಕ ವ್ಯಾಪಾರಿ ಎಂದಿಗೂ ಗೆಲ್ಲಲಾರ.

ಆಕ್ಷೇಪಗಳಿಗೆ ಸಮಾಧಾನ

ಪ್ರಮಾಣವನ್ನು ಬರೆಯಬೇಕೆಂದಾಗ ಕೇಳಿಬರುವ ಮೊದಲ ಆಕ್ಷೇಪ ವ್ಯಾಪಾರ ರಹಸ್ಯದ್ದು. ಮಿಶ್ರಣವೇ ನಮ್ಮ ಬಂಡವಾಳ, ಅದನ್ನು ಬಯಲು ಮಾಡಿದರೆ ಉಳಿಯುವುದೇನು ಎಂಬುದು ತಯಾರಕರ ಅಳಲು. ನಮ್ಮಲ್ಲಿ ಕಾಫಿ ಮತ್ತು ಚಿಕೋರಿ ಬೆರೆಸಿದ ಪುಡಿಯ ಪೊಟ್ಟಣದ ಮೇಲೆ ಎರಡರ ಶೇಕಡ ಪ್ರಮಾಣವನ್ನು ಕಡ್ಡಾಯವಾಗಿ ಮುದ್ರಿಸಬೇಕು. ಇದರಿಂದ ಯಾವ ಕಾಫಿ ವರ್ತಕನ ಗುಟ್ಟೂ ಬಯಲಾಗಿಲ್ಲ. ಯಾವ ತೋಟದ ಬೀಜ, ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು, ಹುರಿದ ಹದ ಯಾವುದು ಎಂಬುದು ಅವನ ಬಳಿಯೇ ಇದೆ. ಶೇಕಡ 80 ಕಾಫಿ ಮಾರುವವನಿಗೆ ಶೇಕಡ 60 ಮಾರುವವನಿಗಿಂತ ಹೆಚ್ಚು ಬೆಲೆ ಕೇಳಲು ಆ ಒಂದು ಸಾಲು ಆಧಾರವಾಗಿದೆ. ಬರ್ಲಿ ಮಿಶ್ರಣದಲ್ಲಿಯೂ ಎಲೆಗಳ ಪಾಲು, ಮೂಲ ದೇಶ, ಪಾಕ ಮತ್ತು ಪರಿಮಳ ಇವೆಯೋ ಇಲ್ಲವೋ ಎಂಬಷ್ಟನ್ನು ತಿಳಿಸಿದರೆ ಸಾಕು. ಪಾಕದ ಸೂತ್ರ ತಯಾರಕನದೇ ಆಗಿರಲಿ.

ಎರಡನೆಯ ಆಕ್ಷೇಪ ಬೆಳೆಯ ವ್ಯತ್ಯಾಸಕ್ಕೆ ಸಂಬಂಧಿಸಿದುದು. ಮಳೆ ಹೆಚ್ಚುಕಡಿಮೆಯಾದ ವರ್ಷ ಎಲೆಯ ಗುಣ ಬದಲಾಗುತ್ತದೆ; ಅದೇ ರುಚಿ ಬರಿಸಲು ಪ್ರಮಾಣವನ್ನೇ ತಿದ್ದಬೇಕಾಗುತ್ತದೆ. ಈ ಮಾತು ನಿಜ. ಇದಕ್ಕೆ ಸಣ್ಣದೊಂದು ಅಂತರವನ್ನು ಅನುಮತಿಸಬಹುದು, ತಯಾರಿಕೆಯ ವರ್ಷವನ್ನು ನಮೂದಿಸಬಹುದು. ವ್ಯತ್ಯಾಸವನ್ನು ಒಪ್ಪಿಕೊಂಡು ಹೇಳಿದವನನ್ನು ಗ್ರಾಹಕ ಕ್ಷಮಿಸುತ್ತಾನೆ. ತಾನೇ ಕಂಡುಹಿಡಿದಾಗ ಕ್ಷಮಿಸುವುದಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಅದು ಆರೋಗ್ಯ ಕಾರ್ಯಕರ್ತರಿಂದ ಬರುತ್ತದೆ. ಎಲೆಯ ವಿವರ ಕೊಡುವುದೆಂದರೆ ಹಾನಿಕರ ವಸ್ತುವಿಗೆ ಗೌರವ ತಂದಂತೆ ಎಂದು ಅವರ ವಾದ. ಈ ಭಯ ನಿರಾಧಾರವಲ್ಲ. ಸಿಗರೇಟುಗಳ ಮೇಲೆ ‘ನೈಸರ್ಗಿಕ’, ‘ಸೇರ್ಪಡೆಗಳಿಲ್ಲ’ ಎಂದು ಬರೆದು ಅಪಾಯ ಕಡಿಮೆಯೆಂಬ ಭಾವನೆ ಹುಟ್ಟಿಸಿದ್ದಕ್ಕಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2015ರಲ್ಲಿ ಮೂರು ತಯಾರಕರಿಗೆ ಎಚ್ಚರಿಕೆ ಪತ್ರ ನೀಡಿತು. ಆದ್ದರಿಂದ ಡಬ್ಬಿಯ ಮೇಲೆ ಇರಬೇಕಾದುದು ಅಂಕಿಗಳು, ಗುಣವಾಚಕಗಳಲ್ಲ. ‘ಬರ್ಲಿ ಶೇಕಡ 60’ ಎಂಬುದು ಮಾಹಿತಿ, ‘ಶುದ್ಧ ಬರ್ಲಿ’ ಎಂಬುದು ಪ್ರಲೋಭನೆ. ಪಾಕವಿಲ್ಲದ ಎಲೆ ಪಾಕ ಹಾಕಿದ ಎಲೆಗಿಂತ ಕ್ಷೇಮಕರ ಎಂದು ಯಾರೂ ಹೇಳಕೂಡದು. ಅದು ಸತ್ಯವೂ ಅಲ್ಲ.

ಪೈಪ್ ತಂಬಾಕು 2016ರಿಂದ ಅದೇ ಆಡಳಿತದ ನಿಯಂತ್ರಣಕ್ಕೆ ಒಳಪಟ್ಟಿದ್ದು, ತಯಾರಕರು ಬಳಸಿದ ಪದಾರ್ಥಗಳ ಪಟ್ಟಿಯನ್ನು ಸರ್ಕಾರಕ್ಕೆ ಸಲ್ಲಿಸಬೇಕಾಗಿದೆ. ಅಂದರೆ ಮಾಹಿತಿ ಕಡತದಲ್ಲಿದೆ. ಕೊಳ್ಳುವವನ ಕೈಗೆ ಮಾತ್ರ ಅದು ತಲುಪುವುದಿಲ್ಲ. ಕಡತಕ್ಕೆ ಕೊಡಬಹುದಾದ ಮಾಹಿತಿಯ ಮುಖ್ಯ ಭಾಗವನ್ನು ಡಬ್ಬಿಗೆ ಕೊಡಲಾಗದು ಎಂಬ ವಾದ ನನಗೆ ಅರ್ಥವಾಗುವುದಿಲ್ಲ.

ನಮಗೆ ದೊರೆಯುವ ಪಾಠ

ಪರಿಮಳದ ಮರೆಯಲ್ಲಿ ನಡೆಯುವ ವ್ಯಾಪಾರಕ್ಕೆ ಸರ್ಕಾರಗಳು ಕೊನೆಗೆ ಕೊಡುವ ಉತ್ತರ ನಿಷೇಧ ಎಂಬುದನ್ನು ನಾವು ನಮ್ಮ ರಾಜ್ಯದಲ್ಲಿಯೇ ಕಂಡಿದ್ದೇವೆ. 2013ರಲ್ಲಿ ಗುಟ್ಕಾ, 2024ರ ಫೆಬ್ರವರಿಯಲ್ಲಿ ಹುಕ್ಕಾ ನಿಷೇಧಕ್ಕೊಳಗಾದವು. ಅಮೆರಿಕದಲ್ಲಿ 2009ರ ಕಾಯಿದೆ ಸಿಗರೇಟುಗಳಲ್ಲಿ ಮೆಂಥಾಲ್ ಹೊರತು ಉಳಿದ ವಿಶಿಷ್ಟ ಪರಿಮಳಗಳನ್ನು ನಿಷೇಧಿಸಿತು. ಎಳೆಯರನ್ನು ಸೆಳೆಯಲು ಪರಿಮಳ ಬಳಕೆಯಾದಾಗ ನಿಷೇಧ ನ್ಯಾಯವೇ ಸರಿ. ಅದರ ವಿರುದ್ಧ ವರ್ತಕ ಸಮುದಾಯ ದನಿಯೆತ್ತುವುದು ಶೋಭೆಯಲ್ಲ.

ಆದರೆ ಇತರ ಮಿಶ್ರಣಗಳ ಉದ್ಯಮದಲ್ಲಿರುವ ನಮ್ಮ ಸದಸ್ಯರು ಇದರಿಂದ ಒಂದು ಕಾರ್ಯಕ್ರಮವನ್ನೇ ರೂಪಿಸಿಕೊಳ್ಳಬಹುದು. ಕಾನೂನು ಕೇಳುವ ಮೊದಲೇ ಪ್ರತಿ ತಂಡದ ಕಚ್ಚಾವಸ್ತುವಿನ ಮೂಲ, ಪ್ರಮಾಣ ಮತ್ತು ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸುವುದು. ಪ್ರತಿ ತಂಡದ ಮಾದರಿಯನ್ನು ಮೊಹರು ಮಾಡಿ ಕಾದಿಡುವುದು. ಹೆಸರಿನಲ್ಲಿ ಯಾವ ಪದಾರ್ಥವನ್ನು ಹೇಳಿದ್ದೇವೆಯೋ ಅದರ ಶೇಕಡ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸುವುದು. ಹೊರಗಿನಿಂದ ಹಾಕಿದ ಪರಿಮಳವನ್ನು ಪರಿಮಳವೆಂದೇ ಕರೆಯುವುದು. ಇವಕ್ಕೆ ದೊಡ್ಡ ಬಂಡವಾಳ ಬೇಡ. ಗಂಧ, ಏಲಕ್ಕಿ, ಕಾಫಿ, ಮೆಣಸುಗಳ ಹೆಸರಿನಲ್ಲಿ ವ್ಯಾಪಾರ ಮಾಡುವ ರಾಜ್ಯದಲ್ಲಿ ಆ ಹೆಸರುಗಳ ಬೆಲೆ ಉಳಿಯುವುದು ಇದರಿಂದಲೇ. ವಾಣಿಜ್ಯ ಮಂಡಲಿಯು ಸ್ವಯಂಪ್ರೇರಿತ ನಮೂದಿನ ಒಂದು ಮಾದರಿಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಒಳ್ಳೆಯ ಆರಂಭವಾದೀತು.

ದೊಡ್ಡ ಸಂಸ್ಥೆಗೆ ಜಾಹೀರಾತಿನ ಬಲವಿದೆ. ಒಂದು ಹೆಸರು ಕೆಟ್ಟರೆ ಇನ್ನೊಂದನ್ನು ಕೊಳ್ಳುವ ಹಣವಿದೆ. ಸಣ್ಣ ಉತ್ಪಾದಕನಿಗೆ ಇರುವುದು ತನ್ನ ಒಂದು ಹೆಸರು, ಅದನ್ನು ನಂಬಿ ಮತ್ತೆ ಮತ್ತೆ ಬರುವ ಕೆಲವು ನೂರು ಗ್ರಾಹಕರು. ಆ ಗ್ರಾಹಕರಿಗೆ ಪೊಟ್ಟಣದೊಳಗೆ ಏನಿದೆಯೆಂಬುದನ್ನು ಅಂಕಿಯಲ್ಲಿ ಹೇಳುವ ಧೈರ್ಯವನ್ನು ನಾವು ತೋರಬೇಕು. ಹೇಳಲು ಹಿಂಜರಿಕೆಯಾಗುವ ಅಂಕಿ ಇದ್ದರೆ, ತಿದ್ದಿಕೊಳ್ಳಬೇಕಾದುದು ಮಿಶ್ರಣವನ್ನೇ.